ಐದು ಸಾಕ್ಷಿಗಳ ರುಜು

“ಈ ಪುಣ್ಯಾತ್ಮ ಹೆಣ ನೋಡೇ ಇಲ್ಲ ಕಣಮ್ಮ,” ಎಂದರು ಶಿವಬಸಪ್ಪ, ಮಗಳ ಲ್ಯಾಪ್‌ಟಾಪಿನತ್ತ ಬಗ್ಗಿ.

ರಚನಾಳಿಗೆ ರೇಗಿತು. ಅಮೆರಿಕದ ಏಪೆಕ್ಸ್ ಊರಿನ ಈ ಮನೆಯಲ್ಲಿ ಕೂತು ನಾಲ್ಕು ತಿಂಗಳಿಂದ ಅವಳು ಟೋಬಿಯಸ್ ಕ್ರೇನ್‌ನ ಜೀವನಚರಿತ್ರೆ ಬರೆಯುತ್ತಿದ್ದಳು. ಇನ್ನೂರು ವರ್ಷದ ಹಿಂದೆ ಆಸ್ಟ್ರೇಲಿಯಾದ ಬಿಳಿಯರ ವಸಾಹತಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದವನು. ಗುಡಿಸಲಲ್ಲಿ ಕೋರ್ಟು ನಡೆಸಿದವನು, ಕೈದಿಗಳ ಚಾಟಿಯೇಟು ಕಡಿಮೆ ಮಾಡಿಸಿದವನು. ‘ನ್ಯಾಯವಂತ’ ಎಂದು ಬರೆದು ಮುಗಿಸಿದ್ದಳು. ಸಂಜೆಗೆ ಪ್ರಕಾಶಕರಿಗೆ ಕಳಿಸಬೇಕಿತ್ತು.

“ಅವನೇ ಬರೆದ ರಿಪೋರ್ಟ್ ಇದ್ಯಲ್ಲ ಅಪ್ಪಾಜಿ. ಹೊಳೆ ದಂಡೇಲಿ ಏಳು ಜನ ಮೂಲನಿವಾಸಿಗಳ ಹೆಣ. ಜ್ವರ ಬಂದು ಸತ್ರು ಅಂತ ಐದು ಜನ ಸಾಕ್ಷಿ ಹಾಕಿದಾರೆ.”

“ಓದು ಬಾರದೋರು, ಕತ್ತರಿ ಗುರುತು ಹಾಕಿದಾರೆ. ಐದೂ ಒಂದೇ ಓರೆ, ಒಂದೇ ಒತ್ತು. ಐದು ಜನರ ಕೈ ಹಾಗೆ ಬರಲ್ಲ. ಮನೇಲಿ ಕೂತು ಒಬ್ನೇ ಹಾಕಿರೋದು.”

ಅವಳು ಝೂಮ್ ಮಾಡಿ ನೋಡಿದಳು. ನಿಜ. ಅದೇ ವಾರ ಜಮೀನುದಾರರು ಕ್ರೇನ್‌ನ ಮನೆಗೆ ಹತ್ತು ಕುರಿ ಕಳಿಸಿದ್ದು ಅವನ ದಿನಚರಿಯಲ್ಲೇ ಇತ್ತು, ಸ್ನೇಹ ಅಂದುಕೊಂಡಿದ್ದಳು. ಜ್ವರವಂತೆ ಜ್ವರ! ಆ ಜಮೀನುದಾರರ ಬಂದೂಕಿನ ಕೆಲಸ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ‘ನ್ಯಾಯವಂತ’ ಎಂಬ ಮಾತನ್ನು ಅಳಿಸಿ ಬಿಸಾಕಿದಳು.

“ನಿಮಗೆ ಹೇಗೆ ಗೊತ್ತಾಯ್ತು ಅಪ್ಪಾಜಿ?” ಎಂದು ಹೆಮ್ಮೆಯಿಂದಲೇ ಕೇಳಿದಳು.

ಹಾವಿನ ಹೆಜ್ಜೆ ಹಾವೇ ಬಲ್ಲದು. ಮುದುಕರು ಕಿಟಕಿಯತ್ತ ತಿರುಗಿದರು.

“ನಾನು ತಹಶೀಲ್ದಾರ್ ಆಗಿದ್ದಾಗ, ಮದುವೆಯಾಗಿ ವರ್ಷ ತುಂಬದ ಒಂದು ಹುಡುಗಿ ಸುಟ್ಟು ಸತ್ತಿದ್ಲು. ಶವ ಮಹಜರಿಗೆ ನಾನೇ ಹೋಗ್ಬೇಕಿತ್ತು. ಹೋಗ್ಲಿಲ್ಲ. ಗಂಡನ ಮನೆಯೋರು ದೊಡ್ಡೋರು, ಮೇಲಿಂದ ಫೋನ್ ಬಂತು. ಸ್ಟವ್ ಸಿಡೀತು ಅಂತ ಬರೆದೆ. ಸಾಕ್ಷಿಗಳ ಐದು ಹೆಬ್ಬೆಟ್ಟೂ ನಮ್ಮ ಜವಾನಂದೇ.”

ರಚನಾಳ ಮೈಯೆಲ್ಲ ಉರಿಯಿತು. ಕ್ರೇನ್ ಎಂದೋ ಮಣ್ಣಾದವನು, ಬಾಯಿಗೆ ಬಂದಂತೆ ಬೈದು ಬರೆಯಬಹುದು. ಇವರು ಬೆಳಿಗ್ಗೆ ತನ್ನ ಕೈಯ ರೊಟ್ಟಿ ತಿಂದು, ಇನ್ನೊಂದು ಹಾಕಮ್ಮ ಅಂದವರು.

“ನಮ್ಮಪ್ಪ ಸತ್ಯಹರಿಶ್ಚಂದ್ರ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ್ನಲ್ಲ ನಾನು! ಅವಳಿಗೂ ಒಬ್ಬ ಅಪ್ಪ ಇದ್ನಲ್ವಾ?”

“ಇದ್ದ. ಕಚೇರಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆಳಗಿಂದ ಸಂಜೆವರೆಗೂ ನಿಂತಿದ್ದ. ಕೂತ್ಕೋ ಅಂತ ಕೂಡ ಹೇಳ್ಲಿಲ್ಲ ನಾನು.”

ಅವರು ಕಿಟಕಿಯಿಂದ ಈಚೆ ಬಂದರು. ಊಟದ ಮೇಜಿನ ಕುರ್ಚಿ ಎಳೆದುಕೊಂಡರು.

“ಕೂರ್ಬೇಡಿ,” ಎಂದಳು ರಚನಾ.

ಶಿವಬಸಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು.