ಪಾದ್ರಿಯ ಅಂಗಳದಲ್ಲಿ ತಪಾಸಣೆ

"ಮತ್ತೆ ಯಾಕೇ ಓಡಿ ಬಂದೆ?" ಎಂದು ತಾಯಿ ಫುವಾತಿನೊ ಕೇಳುತ್ತಿದ್ದಂತೆ ಮಗಳು ಸಿಯೆನಿ ಒಳಗೆ ನುಗ್ಗಿದಳು. ಶಾಲೆಯ ಚೀಲವನ್ನು ಚಾಪೆಯ ಮೇಲೆ ಎಸೆದು ನೇರ ಹಿತ್ತಲಿನ ಕಕ್ಕಸಿಗೆ ಹೋದಳು. ತಾಯಿ ಮಹಿಳಾ ಸಮಿತಿಯ ಬಿಳಿ ರವಿಕೆ ತೊಟ್ಟು, ಹಸಿರು ಸುತ್ತುಬಟ್ಟೆ ಬಿಗಿಯುತ್ತಿದ್ದವಳು ಹಾಗೇ ನಿಂತಳು. ಅವತ್ತು ಊರಿನ ಮನೆಮನೆಯ ಶುಚಿತ್ವದ ತಪಾಸಣೆ. ಸಮಿತಿಗೆ ಅವಳೇ ಯಜಮಾನಿ.

ಸಿಯೆನಿ ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು.

"ನಾಳೆಯಿಂದ ನಾ ಹೋಗಲ್ಲ."

"ಏನಾಯ್ತು ಅಂತ ಮೊದಲು ಹೇಳು."

"ಏನಾಗ್ಬೇಕು? ತಿಂಗಳ ದಿನ. ಶಾಲೆ ಕಕ್ಕಸಲ್ಲಿ ನೀರೂ ಇಲ್ಲ, ಬಾಗಿಲೂ ಇಲ್ಲ. ಒಬ್ಳು ಬಟ್ಟೆ ಅಡ್ಡ ಹಿಡ್ಕೊಂಡು ನಿಂತ್ಕೋಬೇಕು, ಇನ್ನೊಬ್ಳು ಒಳಗೆ. ಇವತ್ತು ಹುಡುಗರು ಬಂದು ಬಟ್ಟೆ ಎಳೆದ್ರು. ನಕ್ಕರು. ನನಗೆ ಓದೂ ಬೇಡ, ಏನೂ ಬೇಡ. ಮನೇಲೇ ಚಾಪೆ ಹೆಣ್ಕೊಂಡು ಇರ್ತೀನಿ."

ಫುವಾತಿನೊಗೆ ಮೈಯೆಲ್ಲ ಉರಿದುಹೋಯಿತು. ಹುಡುಗರ ಮೇಲಲ್ಲ, ಅವರ ಕಿವಿ ಹಿಂಡಿದರೆ ಮುಗಿಯಿತು. ಎರಡು ವರ್ಷದ ಕೆಳಗೆ ಹೊರದೇಶದ ದಾನಿಗಳು ಬಂದಾಗ ಚರ್ಚ್ ಸಭೆಯ ಶಾಲೆಯ ಹುಡುಗಿಯರ ಕಕ್ಕಸಿಗೆ ಅವರನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಇವಳೇ. ಬಂದವರು ಮೂಗಿಗೆ ಕರವಸ್ತ್ರ ಹಿಡಿದು ನೋಡಿದರು, ತಲೆ ಅಲ್ಲಾಡಿಸಿದರು, ಅನುದಾನ ಕಳಿಸಿದರು. ಊರಿಗೆ ಊರೇ ನಿಂತು ಸ್ತೋತ್ರ ಹಾಡಿತು. ಆಮೇಲೆ ಆ ದುಡ್ಡಿನಲ್ಲಿ ಶಾಲೆಯ ಅಂಗಳದಲ್ಲಿ ಮೇಲೆದ್ದದ್ದು ಚರ್ಚಿನ ಮಹಾಸಭೆಯಿಂದ ಬರುವ ಹಿರಿಯರಿಗೆಂದು ಒಂದು ಅತಿಥಿಗೃಹ. ಬಿಳಿ ಟೈಲ್ಸು, ಗಾಜಿನ ಕಿಟಕಿ, ತಂಪು ಗಾಳಿಯ ಯಂತ್ರ. ಹುಡುಗಿಯರ ಕಕ್ಕಸಿಗೆ ಸಿಕ್ಕಿದ್ದು ಒಂದು ಕೈ ಸುಣ್ಣ.

"ಬಟ್ಟೆ ಬದಲಾಯಿಸ್ಕೊಂಡು ನಡಿ ನನ್ನ ಜೊತೆ," ಎಂದಳು.

"ಎಲ್ಲಿಗೆ?"

"ನಡಿ ಅಂದ್ನಲ್ಲ."

ಸಮಿತಿಯ ಹೆಂಗಸರು ಒಂದೊಂದೇ ಮನೆ ಹೊಕ್ಕು ಹೊರಟರು. ಸೊಳ್ಳೆಪರದೆ ಬಿಚ್ಚಿ ನೋಡಿದರು, ಹಂದಿಗೂಡಿನ ಬೇಲಿ ಅಲ್ಲಾಡಿಸಿ ನೋಡಿದರು, ಕಕ್ಕಸಿನ ಒಳಗೆ ಇಣುಕಿದರು. ಸಮಿತಿಯವಳೇ ಆದ ಲಿತಾರಾಳ ಮೈದುನನ ಕಕ್ಕಸು ಒಡೆದು ನಾರುತ್ತಿತ್ತು. ಲಿತಾರಾ ತಾನೇ ಮುಂದೆ ಹೋಗಿ ಬಳಸಕೂಡದೆಂಬ ಗುರುತಿಗೆ ಅದರ ಕಂಬಕ್ಕೆ ಕೆಂಪು ಬಟ್ಟೆ ಬಿಗಿದಳು.

"ಅತ್ತಿಗೆ, ನಾನು ನಿನ್ನ ಸ್ವಂತ ಮೈದುನ ಕಣೇ!" ಎಂದು ಅವನು ಕೂಗಿಕೊಂಡ.

"ನನ್ನ ಮೈದುನ ಆದ್ರೆ ನಾತ ಕಮ್ಮಿ ಬರುತ್ತಾ? ರಿಪೇರಿ ಆಗೋ ತನಕ ಪಕ್ಕದ ಮನೆಗೆ ಹೋಗು. ಈ ಬಟ್ಟೆ ಬಿಚ್ಚಿದ್ರೆ ದಂಡಕ್ಕೆ ಊರಿಗೆಲ್ಲ ಹಂದಿ ಕೊಯ್ದು ಹಾಕ್ಬೇಕಾಗುತ್ತೆ, ನೋಡ್ಕೋ."

ಹೆಂಗಸರೆಲ್ಲ ನಕ್ಕರು. ಪಕ್ಕದ ಮನೆಯವನು ಗೊಣಗಿದ, ಆದರೆ ಬೇಡ ಎನ್ನಲಿಲ್ಲ. ಹಾಗೆ ಅನ್ನುವ ಪದ್ಧತಿ ಆ ಊರಲ್ಲಿ ಇಲ್ಲ.

ಕೊನೆಗೆ ಶಾಲೆ, ಪಾದ್ರಿಯ ಮನೆ ಎಲ್ಲ ಇದ್ದ ಸಭೆಯ ಕಾಂಪೌಂಡು ಬಂತು. ಪ್ರತಿ ಸಲವೂ ಅವರು ವಾಪಸು ತಿರುಗುತ್ತಿದ್ದದ್ದು ಅಲ್ಲಿಂದಲೇ.

"ಸದ್ಯ ಮುಗೀತು. ನನಗಂತೂ ಹೊಟ್ಟೆ ಚುರುಗುಟ್ತಿದೆ," ಎಂದಳು ಲಿತಾರಾ.

"ಇನ್ನೊಂದು ಜಾಗ ಇದೆ."

ಲಿತಾರಾ ಅವಳ ಕಣ್ಣು ಹೋದ ಕಡೆ ನೋಡಿದಳು. "ಹುಚ್ಚು ಹಿಡೀತಾ ನಿಂಗೆ? ಪಾದ್ರಿಗಳ ಅಂಗಳನ ಯಾರಾದ್ರೂ ತಪಾಸಣೆ ಮಾಡ್ತಾರಾ? ನಿನ್ನ ಗಂಡ ಸಭೆಯ ಹಿರಿಯ. ಭಾನುವಾರ ಯಾವ ಮುಖ ಇಟ್ಕೊಂಡು ದೇವಾಲಯಕ್ಕೆ ಹೋಗ್ತೀಯ?"

"ಇದೇ ಮುಖ. ಇರೋದು ಒಂದೇ."

ಅವಳು ಒಳಗೆ ಕಾಲಿಟ್ಟಳು. ಹಿಂದೆ ಹೆಂಗಸರು ಒಬ್ಬರನ್ನೊಬ್ಬರು ನೋಡುತ್ತ, ತಡೆಯುತ್ತ, ಅಂತೂ ಬಂದರು.

ಪಾದ್ರಿ ನೊಮೆನೆತಾ ಅತಿಥಿಗೃಹದ ಜಗಲಿಯಲ್ಲಿ ನಿಂತು ಹೂಮಾಲೆ ಕಟ್ಟಿಸುತ್ತಿದ್ದರು. ಮಹಾಸಭೆಯ ಹಿರಿಯರು ಮರುದಿನ ರಾಜಧಾನಿ ಆಪಿಯಾದಿಂದ ಬರುವವರಿದ್ದರು. ಹೆಂಗಸರ ಗುಂಪು ಕಂಡು ಅವರ ಮುಖ ಅರಳಿತು. ಅಡುಗೆಯ ಮಾತಿಗೆ ಬಂದರು ಎಂದುಕೊಂಡರೋ ಏನೋ.

"ಬನ್ನಿ ಬನ್ನಿ, ತಾಯಂದಿರೇ."

"ತಪಾಸಣೆಗೆ ಬಂದಿದೀವಿ, ಪಾದ್ರಿಗಳೇ," ಎಂದಳು ಫುವಾತಿನೊ. ಮಾತು ಮರ್ಯಾದೆಯದೇ, ದನಿ ಮಾತ್ರ ಅಲ್ಲ. "ಈ ಮನೆ ಚೆನ್ನಾಗಿದೆ. ಒಳಗೆ ನೀರು ಬರುತ್ತಾ?"

"ಎರಡು ಕಕ್ಕಸು ಇದೆಯಮ್ಮ, ಎರಡಕ್ಕೂ ನಲ್ಲಿ ಇದೆ."

ಬಾಗಿಲ ಪಕ್ಕದಲ್ಲಿ ದಾನಿಗಳ ಹೊಳೆಯುವ ಹಿತ್ತಾಳೆ ಫಲಕವಿತ್ತು. ಫುವಾತಿನೊ ಅದನ್ನು ಎಲ್ಲರಿಗೂ ಕೇಳುವಂತೆ ಓದಿದಳು: "ಶಾಲೆಯ ಹೆಣ್ಣುಮಕ್ಕಳ ಆರೋಗ್ಯಕ್ಕಾಗಿ." ಓದಿ ಮುಗಿಸಿ ಪಾದ್ರಿಯ ಮುಖ ನೋಡಿದಳು. "ಇದನ್ನ ಇಲ್ಲಿ ಯಾಕೆ ಹೊಡೆದಿದೀರಿ?"

ನೊಮೆನೆತಾ ಹೂಮಾಲೆ ಕೆಳಗಿಟ್ಟರು. "ಅವರು ಕೇಳಿದ್ದು ಕಕ್ಕಸು. ಕಕ್ಕಸು ಕಟ್ಸಿದೀನಿ. ಅದರ ಸುತ್ತ ಒಂದು ಮನೆ ಎದ್ದಿತು, ಅಷ್ಟೇ. ನನ್ನ ಜೇಬಿಗೆ ಹಾಕ್ಕೊಂಡ್ನಾ? ಹೋದ ಸಲ ಹಿರಿಯರು ಸೋರೋ ಮನೇಲಿ ಮಲಗಿದ್ರು. ನಾಚಿಕೆ ಯಾರಿಗಾಯ್ತು? ಊರಿಗೆ. ಇದಕ್ಕೆ ನಿನ್ನ ಗಂಡನೂ ಹೂಂ ಅಂದಿದಾನೆ, ಕೇಳ್ಕೋ."

"ನನ್ನ ಗಂಡ ಹೂಂ ಅಂತಾನೆ. ಅವನು ಹೋಗೋ ಕಕ್ಕಸಿಗೆ ಬಾಗಿಲಿದೆ."

ಹಿಂದೆ ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಪಾದ್ರಿಯ ಕತ್ತಿನ ನರ ಉಬ್ಬಿತು. ಈ ಮೂವತ್ತು ವರ್ಷದಲ್ಲಿ ಈ ಅಂಗಳದಲ್ಲಿ ಅವರಿಗೆ ಎದುರು ಮಾತಾಡಿದವರಿರಲಿಲ್ಲ.

"ಫುವಾತಿನೊ, ನಿನ್ನ ಮಗಳು ಇದೇ ಶಾಲೇಲಿ ಓದ್ತಾಳೆ. ಅದು ನೆನಪಿರ್ಲಿ."

ಸಿಯೆನಿ ತಾಯಿಯ ಬೆನ್ನಿಗೆ ಸರಿದಳು. ಫುವಾತಿನೊಗೆ ಮಗಳನ್ನು ಶಾಲೆಯಲ್ಲಿ ಉಳಿಸಲು ಬಂದು ತಾನೇ ಅವಳ ಹೆಸರು ತೆಗೆಸಿಬಿಟ್ಟೆನೇ ಎಂಬ ಭಯ ಎದೆಗೆ ಹೊಡೆಯಿತು. ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ನೆನಪಿದೆ. ಬೆಳಗ್ಗೆ ಅತ್ಕೊಂಡು ಮನೆಗೆ ಓಡಿ ಬಂದ್ಲು. ನೆನಪಿಲ್ದೆ ಇರುತ್ತಾ?"

ಅವಳು ನೇರ ತರಗತಿಗಳ ಹಿಂಬದಿಗೆ ನಡೆದಳು. ಹುಡುಗಿಯರ ಕಕ್ಕಸಿನ ಹೊಸ ಸುಣ್ಣದ ಮೇಲೆ ನೊಣ ಮುತ್ತಿತ್ತು. ಒಳಗೆ ನೋಡಿದ ಹೆಂಗಸರು ಸೆರಗಿನಂತೆ ಸುತ್ತುಬಟ್ಟೆಯ ತುದಿ ಎತ್ತಿ ಮೂಗು ಮುಚ್ಚಿದರು. ಎಲ್ಲರ ಮನೆಯ ಹುಡುಗಿಯರೂ ಅಲ್ಲಿಗೇ ಹೋಗುತ್ತಿದ್ದರು.

ಫುವಾತಿನೊ ಸೊಂಟಕ್ಕೆ ಸಿಕ್ಕಿಸಿದ್ದ ಕೆಂಪು ಬಟ್ಟೆ ಎಳೆದಳು. ಹಿಂದಿನಿಂದ ಬಂದ ಪಾದ್ರಿ, "ಅದನ್ನ ಕಟ್ಟಿದ್ರೆ ನೋಡು!" ಎಂದು ಗದರಿದರು. ಬಟ್ಟೆ ಅವಳ ಕೈಯಲ್ಲಿ ಉಳಿಯಲಿಲ್ಲ, ಲಿತಾರಾ ಕಿತ್ತುಕೊಂಡಳು.

"ನನ್ನ ಮೈದುನನಿಗೇ ಕಟ್ಟಿದೀನಿ ಪಾದ್ರಿಗಳೇ, ಬೇಜಾರ್ ಮಾಡ್ಕೋಬೇಡಿ," ಎನ್ನುತ್ತ ಅವಳು ಬಾಗಿಲಿಲ್ಲದ ಚೌಕಟ್ಟಿಗೆ ಎರಡು ಗಂಟು ಬಿಗಿದಳು. "ರಿಪೇರಿ ಆಗೋ ತನಕ ಇದು ಬಂದ್. ಅಲ್ಲಿವರೆಗೂ ಹುಡುಗೀರು ಪಕ್ಕದ ಮನೆಗೆ ಹೋಗ್ಲಿ."

ಪಕ್ಕದ ಮನೆ ಯಾವುದೆಂದು ಯಾರೂ ಕೇಳಬೇಕಾಗಿರಲಿಲ್ಲ.

"ನಾಳೆ ಹಿರಿಯರು ಬರ್ತಾರೆ!" ಪಾದ್ರಿಯ ದನಿ ಒಡೆಯಿತು. "ಹಾಸಿಗೆ ಹಾಸಿ ಆಗಿದೆ!"

"ಹಾಸಿಗೆ ಯಾರೂ ಮುಟ್ಟಲ್ಲ," ಎಂದಳು ಫುವಾತಿನೊ. "ಹಿರಿಯರೂ ಸಾಲಲ್ಲಿ ನಿಂತ್ಕೊಳ್ಲಿ. ಆ ಕೆಂಪು ಬಟ್ಟೆ ಬಿಚ್ಚೋದಾದ್ರೆ ಬಿಚ್ಚಿ. ಊರಿನ ಮುಖಂಡರು ಕೇಳ್ತಾರೆ, ನೀವೇ ಉತ್ತರ ಹೇಳಿ."

ಪಾದ್ರಿ ಕೆಂಪು ಗಂಟನ್ನು ನೋಡಿದರು. ಕೈ ಮುಂದೆ ಬರಲಿಲ್ಲ.

ಫುವಾತಿನೊ ಮಗಳ ಭುಜ ಹಿಡಿದು ಜಗಲಿಯವರೆಗೆ ಕರೆತಂದಳು. ಸಿಯೆನಿ ಚಪ್ಪಲಿ ಬಿಟ್ಟು, ಬಿಳಿ ಟೈಲ್ಸಿನ ಅಂಚಿನಲ್ಲಿ ತಡೆದು ನಿಂತಳು. ಕಾಲಿಗೆ ದಾರಿಯ ಕೆಂಪು ಮಣ್ಣು ಹತ್ತಿತ್ತು.

"ಕಾಲು ಕೊಳೆ ಅಮ್ಮಾ."

"ಇರ್ಲಿ, ಹೋಗು."

ಅವಳು ಒಳಗೆ ಹೋದಳು. ಟೈಲ್ಸಿನ ಮೇಲೆ ಹೆಜ್ಜೆ ಮೂಡುತ್ತ ಹೋದವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು ಕೇಳಿತು, ಆಮೇಲೆ ನಲ್ಲಿಯ ನೀರು. ಅಷ್ಟರಲ್ಲಿ ತರಗತಿಯ ಬಾಗಿಲಿನಿಂದ ಒಬ್ಬ ಹುಡುಗಿ ಅಂಗಳಕ್ಕೆ ಇಳಿದಳು. ಅವಳ ಹಿಂದೆ ಇನ್ನಿಬ್ಬರು ಬಂದು ಜಗಲಿಯ ಮುಂದೆ ಚಪ್ಪಲಿ ಬಿಟ್ಟು ನಿಂತರು.