ಎರಡು ಅಂಗಡಿಗಳ ನಡುವಿನ ಕಂಬ

ಮರಗಳಿಗೆ ತಾವು ಮರಗಳೆಂಬ ನೆನಪು ಇನ್ನೂ ಮಾಸದಿದ್ದ ಕಾಲದಲ್ಲಿ, ಏಳು ಕಾಲಿನ ಒಂದು ಮನೆ ಪೇಟೆಬೀದಿಗೆ ನಡೆದು ಬಂತಂತೆ. ಜಾಗ ಹಿಡಿಸಿತು, ನಿಂತುಬಿಟ್ಟಿತು. ಏಳು ಕಾಲೆಂದರೆ ಏಳು ಕಂಬ. ಅವುಗಳ ಹೆಗಲ ಮೇಲೆ ತೊಲೆ, ತೊಲೆಯ ಮೇಲೆ ಬೀದಿಗೆ ಒಂದು ಮೊಳ ಚಾಚಿಕೊಂಡ ಮಹಡಿ. ಮೈಯಲ್ಲಿ ಒಂದೂ ಮೊಳೆಯಿಲ್ಲ, ಎಲ್ಲ ಮರದ ಬೆಣೆ. ಗೋಡೆ ಬರೀ ಮಣ್ಣು ಮೆತ್ತಿದ ಹೊದಿಕೆ; ಅದು ಉದುರಿದರೆ ಮನೆಗೆ ಚಳಿಯಾಗುತ್ತದೆಯೇ ಹೊರತು ಪೆಟ್ಟಾಗುವುದಿಲ್ಲ. ಹೀಗೆ ಹೇಳುತ್ತಿದ್ದಳು ಅಜ್ಜಿ, ಅದೇ ಮಹಡಿಯಲ್ಲಿ ನನ್ನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು. ಕಥೆಯಲ್ಲಿ ಮುಂದೆ ಇಬ್ಬರು ರಾಕ್ಷಸರು ಬರುತ್ತಿದ್ದರು. ನನಗೆ ಸಿಕ್ಕಿದ್ದು ಇಬ್ಬರು ಸೋದರಮಾವಂದಿರು. ರಾಕ್ಷಸರಿಗೆ ಒಂದಿಷ್ಟು ಗಾಂಭೀರ್ಯವಾದರೂ ಇರುತ್ತದೆ.

ಕೆಳಗೆ ಎಡಕ್ಕೆ ದೊಡ್ಡಮಾವನ ಚಪ್ಪಲಿ ಅಂಗಡಿ, ಬಲಕ್ಕೆ ಚಿಕ್ಕಮಾವನ ಗಡಿಯಾರದ ಅಂಗಡಿ. ನಡುವೆ ಹಲಗೆಯ ಅಡ್ಡಗೋಡೆ, ಆ ಗೋಡೆಯೊಳಗೆ ನಾಲ್ಕನೇ ಕಂಬ. ಅಣ್ಣತಮ್ಮಂದಿರಿಗೆ ಹನ್ನೊಂದು ವರ್ಷದಿಂದ ಮಾತಿಲ್ಲ. ಕಾರಣ ಇಬ್ಬರಿಗೂ ಮರೆತುಹೋಗಿದೆ, ಹಟ ಮಾತ್ರ ಬಾಯಿಪಾಠ. ಒಮ್ಮೆ ದೊಡ್ಡಮಾವ, ಅಂಗಡಿ ಹಳೆಯದಾಗಿ ಕಾಣಲೆಂದು, ಮುಂಭಾಗಕ್ಕೆ ಕಪ್ಪು ಬಳಿದ ತೆಳು ಹಲಗೆಗಳನ್ನು ಓರೆಯಾಗಿ ಹೊಡೆಸಿದ. ವಾರದೊಳಗೆ ಚಿಕ್ಕಮಾವನೂ ಹೊಡೆಸಿದ. ನೋಡಲು ಬಂದವರು ಮೈಮರೆತು ಫೋಟೊ ತೆಗೆಯುವುದು ಆ ಹಲಗೆಗಳದ್ದೇ. "ಮುನ್ನೂರು ವರ್ಷದ್ದು!" ಎಂದು ದೊಡ್ಡಮಾವ ಎದೆಯುಬ್ಬಿಸುತ್ತಾನೆ. ಮುನ್ನೂರು ವರ್ಷದ ಹಿಂದೆಯೇ ಪ್ಲೈವುಡ್ ಇತ್ತೆಂದು ತಿಳಿದು ನನಗೂ ಸಂತೋಷವಾಯಿತು.

ಹೋದ ತಿಂಗಳು ಅಜ್ಜಿಯ ಕೋಣೆಯ ನೆಲ ನಡುವಿನಲ್ಲಿ ತಗ್ಗಿತು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಅರ್ಧಕ್ಕೇ ನಿಂತಿತು. ಮಾವಂದಿರು ಬೇರೆಬೇರೆ ಹೊತ್ತಿನಲ್ಲಿ ಮೇಲೆ ಬಂದು, ಹುಬ್ಬು ಗಂಟಿಕ್ಕಿ, ಒಂದೇ ತೀರ್ಪು ಕೊಟ್ಟರು: ಅಜ್ಜಿಯ ಮರದ ಬೀರು ಭಾರ.

"ಅಮ್ಮನ್ನ ಹಿಂದಿನ ಗೋಡೌನ್‌ಗೆ ಹಾಕೋಣ," ಎಂದ ದೊಡ್ಡಮಾವ, ಹೋಗದ ಸ್ಟಾಕಿನ ಬಗ್ಗೆ ಮಾತಾಡುವವನಂತೆ. "ಭಾನುವಾರ ಸಾಗಿಸಿಬಿಡ್ತೀನಿ."

ಗೋಡೌನಿಗೆ ಕಿಟಕಿಯಿಲ್ಲ. ಅಜ್ಜಿ ಐವತ್ತೆಂಟು ವರ್ಷ ಬೀದಿ ನೋಡುತ್ತ ಬದುಕಿದವಳು.

"ಬೀರು ಅಲ್ಲ ಕಣೇ," ಎಂದಳು, ಅವನು ಇಳಿದುಹೋದ ಮೇಲೆ. "ನಾಲ್ಕನೇ ಕಾಲು ಕುಂಟ್ತಿದೆ. ನಂಗೆ ಅಂಗಾಲಲ್ಲೇ ಗೊತ್ತಾಗುತ್ತೆ."

"ನಾನು ಸರಿಮಾಡಿಸ್ತೀನಿ ಅಜ್ಜಿ. ಭಾನುವಾರದೊಳಗೆ. ಮಾತು ಕೊಟ್ಟೆ."

"ನೀನಾ? ಸೂಜಿಗೆ ದಾರ ಪೋಣಿಸೋ ಅಷ್ಟ್ರಲ್ಲಿ ನಿಂಗೆ ಮೂರು ಕನಸು ಬೀಳುತ್ತೆ!"

ಬುಧವಾರ ಬಡಗಿಯನ್ನು ಕರೆತಂದೆ. ಮುದುಕ, ಕಿವಿಯ ಮೇಲೆ ಪೆನ್ಸಿಲು, ಬಾಯಿಗೆ ಬೀಗವಿಲ್ಲ. ಚಪ್ಪಲಿಗಳ ಶೆಲ್ಫು ಸರಿಸಿ, ಅಡ್ಡಗೋಡೆಯ ಹಲಗೆಯೊಂದನ್ನು ಬಿಚ್ಚಿ, ಒಳಗಿನ ಕಂಬಕ್ಕೆ ಕೈಯಾಡಿಸಿದ.

"ಇದನ್ನ ಕೆತ್ತಿದ್ಯಾರು? ಇಲಿನಾ?"

ದೊಡ್ಡಮಾವ ಕತ್ತು ತುರಿಸಿಕೊಂಡ. "ಶೆಲ್ಫಿಗೆ ಜಾಗ ಬೇಕಿತ್ತು. ನಾಲ್ಕು ಬೆರಳು ತೆಗೆಸಿದೆ ಅಷ್ಟೇ. ಆ ಕಡೆ ಗಟ್ಟಿಯಾಗೇ ಇದೆಯಲ್ಲ."

ಪಕ್ಕದ ಅಂಗಡಿಗೆ ಹೋದೆವು. ಷೋಕೇಸ್ ಸರಿಸಿ ಹಲಗೆ ಬಿಚ್ಚಿದರೆ ಅಲ್ಲೂ ಅದೇ ಗಾಯ.

"ಷೋಕೇಸ್ ಕೂರ್ತಿರ್ಲಿಲ್ಲ," ಎಂದ ಚಿಕ್ಕಮಾವ. "ನಾಲ್ಕೇ ಬೆರಳು. ಆ ಕಡೆ ಗಟ್ಟಿಯಾಗೇ ಇದೆಯಲ್ಲ."

ಹತ್ತು ಬೆರಳು ದಪ್ಪದ ಕಂಬ. ಇಷ್ಟು ಕಳೆಯುವ ಲೆಕ್ಕ ನನ್ನಂಥ ಕನಸುಗಣ್ಣಿಗೂ ಬರುತ್ತದೆ. ಇಡೀ ಮಹಡಿ, ಅಜ್ಜಿ ಸಮೇತ, ಎರಡು ಬೆರಳಿನ ಮೇಲೆ ನಿಂತಿತ್ತು. ಮಾತಿಲ್ಲದ ಇಬ್ಬರು, ಅಡ್ಡಗೋಡೆಯ ಆಚೀಚೆ ಕೂತು, ಉಳಿದದ್ದನ್ನು ಇನ್ನೊಬ್ಬ ಕಾಪಾಡಿಕೊಂಡಿದ್ದಾನೆಂದು ನಂಬಿ, ಒಂದೇ ಕಂಬವನ್ನು ತಿಂದಿದ್ದರು.

ಹಲಗೆ ಕಿತ್ತ ಸಂದಿಯಲ್ಲಿ ಈಗ ಅವರಿಗೆ ಪರಸ್ಪರ ಮುಖ ಕಂಡಿತು. ಹನ್ನೊಂದು ವರ್ಷದ ಮೌನ ಮುರಿಯಿತು.

"ಕಟುಕ!" ಎಂದ ಅಣ್ಣ.

"ನೀನೇ ಮೊದ್ಲು!" ಎಂದ ತಮ್ಮ. ಇಷ್ಟು ವರ್ಷ ಕೂಡಿಟ್ಟ ಮಾತು ಇಷ್ಟೇ.

ಕೆಲಸಕ್ಕೆ ಎರಡೂ ಕಡೆ ಒಂದೊಂದು ಮಾರು ಜಾಗ ಖಾಲಿ ಬೇಕೆಂದ ಬಡಗಿ. "ಅವನು ಮೊದ್ಲು ಎತ್ತಲಿ," ಎಂದ ದೊಡ್ಡಮಾವ. "ಅವನೇ ಎತ್ತಲಿ," ಎಂದ ಚಿಕ್ಕಮಾವ. ಗುರುವಾರ, ಶುಕ್ರವಾರ ಅವರಿಬ್ಬರ ಮಧ್ಯೆ ಓಡಾಡಿ ನನ್ನ ಚಪ್ಪಲಿ ಸವೆಯಿತು; ಹೊಸದು ಕೊಳ್ಳೆಂದ ದೊಡ್ಡಮಾವ. ಶನಿವಾರ ಬೆಳಿಗ್ಗೆ ಗೋಡೌನಿನಲ್ಲಿ ಅಜ್ಜಿಯ ಮಂಚಕ್ಕೆ ಜಾಗ ಗುಡಿಸಿಯಾಗಿತ್ತು. ತಾಯಿಗಾಗಿ ಆ ಜಾಗ ಖಾಲಿಮಾಡಲು ಮಾತ್ರ ಅವರಿಗೆ ಕೈ ಬಂದಿತ್ತು.

ಬಡಗಿಯನ್ನು ಕರೆದುಕೊಂಡು ಮೇಲೆ ಹೋಗಿ ಅಜ್ಜಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಕುರ್ಚಿಯನ್ನು ಗೋಡೆಯ ಕಡೆ ಎಳೆದುಕೊಂಡಳು.

"ಅಂಗಡಿ ಅವರದ್ದು. ನೆಲ ನಂದು. ಹಲಗೆ ಎಬ್ಬಿಸು," ಎಂದಳು ಬಡಗಿಗೆ.

ಬಡಗಿ ನಕ್ಕು ಮೀಟುಗೋಲು ಹಾಕಿದ. ಮೂರು ಹಲಗೆ ಎದ್ದವು. ಅವುಗಳಡಿ ಕೂತಿದ್ದ ಕಾಲಾಂತರದ ಧೂಳೆಲ್ಲ ಎಡಕ್ಕೆ ಚಪ್ಪಲಿಗಳ ಮೇಲೂ ಬಲಕ್ಕೆ ಗಡಿಯಾರಗಳ ಮೇಲೂ ಪಕ್ಷಪಾತವಿಲ್ಲದೆ ಸುರಿಯಿತು. ಗಿರಾಕಿಗಳು ಕೆಮ್ಮುತ್ತ ಬೀದಿಗೆ ಓಡಿದರು. ಮಾವಂದಿರು ಬಾಯಿ ತೆರೆದು ಮೇಲೆ ನೋಡಿದರು. ತೂತಿನಲ್ಲಿ ಅವರ ತಾಯಿಯ ಮುಖವಿತ್ತು.

"ಲೇ ದೊಡ್ಡವನೇ, ಚಪ್ಪಲಿ ಎತ್ತು. ಚಿಕ್ಕವನೇ, ಗಡಿಯಾರ ಎತ್ತು. ನಾನು ಇಳಿಯಲ್ಲ. ಇಳಿದ್ರೆ ಮನೆ ಜೊತೆಗೇ ಇಳಿಯೋದು, ನಿಮ್ಮ ತಲೆ ಮೇಲೆ."

ಅರ್ಧ ಗಂಟೆಯಲ್ಲಿ ಎರಡೂ ಕಡೆ ಖಾಲಿ.

ಬಡಗಿ ತೊಲೆಯಡಿ ಜಾಕ್ ಇಟ್ಟು ಕೂದಲೆಳೆ ಕೂದಲೆಳೆಯಾಗಿ ಎತ್ತಿದ. ಕೆತ್ತಿದ ಭಾಗವನ್ನು ಗರಗಸದಿಂದ ತೆಗೆದು, ಹಳೆಯ ಮೇಲುಕಂಬಕ್ಕೂ ಹೊಸ ಕೆಳಗಂಬಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕಚ್ಚು ಕೊರೆದು ಜೋಡಿಸಿದ. ಬೆಣೆಗೆ ಕೊರೆದ ರಂಧ್ರಗಳನ್ನು ದೊಡ್ಡಮಾವ ಬಗ್ಗಿ ನೋಡಿದ.

"ಮೇಲಿನ ತೂತಿಗೂ ಕೆಳಗಿನ ತೂತಿಗೂ ನೇರಕ್ಕೇ ಬಂದಿಲ್ಲ! ಮುದುಕನಿಗೆ ಕಣ್ಣು ಕಾಣಲ್ಲ."

"ನೇರಕ್ಕಿದ್ರೆ ಬೆಣೆ ಸುಮ್ನೆ ಕೂರುತ್ತೆ ಸ್ವಾಮಿ, ನಿಮ್ಮ ಹಾಗೆ," ಎಂದ ಬಡಗಿ. "ಒಂಚೂರು ವಾರೆ ಇದ್ರೇನೇ ಎರಡು ತುಂಡನ್ನೂ ಎಳೆದು ಬಿಗಿಯೋದು." ಸುತ್ತಿಗೆಯನ್ನು ನನ್ನತ್ತ ಚಾಚಿದ. "ಮಾತು ಕೊಟ್ಟೋರು ಯಾರು? ಹೊಡಿ."

ಮೊದಲ ಪೆಟ್ಟು ನನ್ನ ಹೆಬ್ಬೆರಳಿಗೆ ಬಿತ್ತು. ಎರಡನೆಯದಕ್ಕೆ ಬೆಣೆ ಅರ್ಧ ಹೋಯಿತು. ಮೂರನೆಯದಕ್ಕೆ ಕಂಬ ಕಿರ್ರೆಂದು ತನ್ನನ್ನು ತಾನೇ ಬಿಗಿದುಕೊಂಡಿತು. ಉಳಿದ ಮೂರು ಬೆಣೆಗಳನ್ನೂ ನಾನೇ ಹೊಡೆದೆ. ಹೊಸ ಕಂಬ ತನ್ನ ಕಡೆಗೆ ಒಂದು ಬೆರಳು ಜಾಸ್ತಿ ಬಂದಿದೆಯೆಂದು ಮಾವಂದಿರಿಬ್ಬರೂ ಹಿಂದೆ ಗೊಣಗುತ್ತಿದ್ದರು.

ಬಡಗಿ ಜಾಕ್ ಇಳಿಸಿದ. ತೊಲೆ ಇಳಿಯಲಿಲ್ಲ.

"ಅಜ್ಜೀ," ಎಂದೆ ತಲೆಯೆತ್ತಿ, "ಆಯ್ತು."