ಹತ್ತು ದಿನದ ನೆಂಟ

"ಮುಷ್ಟಿ ಎತ್ತಿದ್ರೆ ಚೆಂಡು ಮೂಲೆಗೆ ಹೋಗತ್ತೆ ಸರ್. ಚಡ್ಡಿ ಎಳ್ಕೊಂಡ್ರೆ ಅದು ಸುಳ್ಳು, ಮೂಲೆಗೆ ಹೋದ ಹಾಗೆ ಮಾಡಿ ಮಧ್ಯಕ್ಕೆ ನುಗ್ತಾರೆ. ಕಿವಿ ಮುಟ್ಕೊಂಡ್ರೆ ಚೆಂಡು ನಾಯಕನ ಕೈಗೆ."

ತಾನು ಬಿಟ್ಟುಬಂದ ಹಳೆಯ ತಂಡದ ಸನ್ನೆಗಳನ್ನೆಲ್ಲ ಹೇಳಿ ನೆಂಟ ಎದುರಿಗಿದ್ದ ಇಬ್ಬರನ್ನೂ ನೋಡಿದ. ಸಹಾಯಕ ಕೋಚ್ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಅವನ ಪಕ್ಕದಲ್ಲಿ ಕೋಚ್, ಐವತ್ತು ದಾಟಿದ ದಪ್ಪ ಮನುಷ್ಯ, ಖಾಲಿ ಕಾಗದದ ಲೋಟದ ಅಂಚು ಕಚ್ಚುತ್ತ, ಗೋಡೆಯ ಮೇಲೆ ಅರ್ಧಕ್ಕೆ ನಿಲ್ಲಿಸಿದ ವಿಡಿಯೋ ನೋಡುತ್ತಿದ್ದರು.

"ಅದನ್ನೆಲ್ಲ ನೀನು ಬಿಟ್ಟ ಮಾರನೇ ದಿನಾನೇ ಬದಲಾಯಿಸಿದ್ದಾರಪ್ಪ," ಎಂದರು. "ಮೂರು ಮ್ಯಾಚ್ ನೋಡಿದ್ದೀವಿ. ಈಗ ಯಾರೂ ಮುಷ್ಟಿ ಎತ್ತೋದೇ ಇಲ್ಲ."

ನೆಂಟ ಎನ್ನುವುದು ಅವನ ನಿಜವಾದ ಹೆಸರೇನಲ್ಲ. ಹದಿಮೂರು ವರ್ಷದಲ್ಲಿ ಒಂಬತ್ತು ತಂಡಗಳಿಗೆ ಬಾಸ್ಕೆಟ್‌ಬಾಲ್ ಆಡಿದವನನ್ನು ಇನ್ನೇನೆಂದು ಕರೆಯುತ್ತಾರೆ? ಯಾರಿಗಾದರೂ ಪೆಟ್ಟಾದರೆ ಅವನಿಗೆ ಫೋನ್ ಬರುತ್ತಿತ್ತು. ಪೆಟ್ಟು ವಾಸಿಯಾದರೆ ಅವನು ಗಂಟುಮೂಟೆ ಕಟ್ಟುತ್ತಿದ್ದ. ಹೋದಲ್ಲೆಲ್ಲ ನಗುನಗುತ್ತ ಇದ್ದು, ನಗುನಗುತ್ತಲೇ ಹೊರಡುವುದನ್ನು ಕಲಿತಿದ್ದ. ಹಳೆಯ ತಂಡದಲ್ಲಿ ಮಾತ್ರ ಎರಡು ವರ್ಷ ನಿಂತಿದ್ದ. ಮೂರು ವಾರದ ಹಿಂದೆ ಅದೂ ಕೈಬಿಟ್ಟಿತು. ಕೆಲಸವಿಲ್ಲದೆ ಕೂತು ಕೂತು ತಲೆ ಕೆಟ್ಟಿದ್ದಾಗ ಈ ತಂಡದಿಂದ ಕರೆ ಬಂತು. ಹತ್ತು ದಿನದ ಕರಾರು, ಹಿಡಿಸಿದರೆ ಮುಂದಿನ ವರ್ಷಕ್ಕೂ ಇಟ್ಟುಕೊಳ್ಳುತ್ತೇವೆ ಎಂದರು. "ಎತ್ತರದವನು ಬೇಕಂತೆ, ನನ್ನನ್ನೇ ಕೇಳಿದ್ರು," ಎಂದು ಹೆಂಡತಿಗೆ ಹೇಳುವಾಗ ಅವನ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು.

ಈಗ, ಕಿಟಕಿಯೇ ಇಲ್ಲದ ಈ ಕೋಣೆಯಲ್ಲಿ, ಎಲ್ಲ ಸ್ಪಷ್ಟವಾಯಿತು. ಭಾನುವಾರದ ಪಂದ್ಯ ಹಳೆಯ ತಂಡದ ಮೇಲೆ. ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ. ಅವನನ್ನು ಕರೆಸಿದ್ದು ಕಾಲಿಗಾಗಿ ಅಲ್ಲ, ಬಾಯಿಗಾಗಿ. ಇದರಲ್ಲಿ ನಾಚಿಕೆ ಪಡುವಂಥದ್ದೂ ಏನಿಲ್ಲ. ಈ ಕಸುಬಿನಲ್ಲಿ ಎಲ್ಲರೂ ಹೀಗೇ ಕರೆಸುತ್ತಾರೆ, ಎಲ್ಲರೂ ಹೀಗೇ ಹೇಳುತ್ತಾರೆ. ಅವನಿಗೆ ಚುಚ್ಚಿದ್ದು ಬೇರೆಯೇ. ಬಾಯಿಯಿಂದಲೂ ಅವನು ಉಪಯೋಗಕ್ಕೆ ಬಾರದವನಾಗಿದ್ದ.

"ಸರಿ ಬಿಡು, ಹೋಗಿ ಶೂ ಹಾಕ್ಕೋ," ಎಂದರು ಕೋಚ್. ಗದರಿಸಿದ್ದರೆ ಎಷ್ಟೋ ವಾಸಿಯಿತ್ತು. ಕಾಯಿಲೆಯವನ ಜೊತೆ ಮಾತಾಡುವ ದನಿಯಲ್ಲಿ ಹೇಳಿಬಿಟ್ಟರು.

ನೆಂಟ ಬಾಗಿಲ ತನಕ ಹೋದ. ಹಿಡಿಕೆಯ ಮೇಲೆ ಕೈಯಿಟ್ಟವನು ತಿರುಗಿ ನಿಂತ.

"ಏಣಿಯ ಎಡ ಮೊಣಕಾಲು ಸರಿಯಿಲ್ಲ ಸರ್," ಎಂದ.

ಯಾರೂ ಕೇಳಿರಲಿಲ್ಲ. ಕೇಳಿದ್ದರೆ, ಕೇಳಿದರು ಅದಕ್ಕೆ ಹೇಳಿದೆ ಎಂದುಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಸಹಾಯಕ ಕೋಚ್ ಪೆನ್ನಿನ ಮುಚ್ಚಳ ತೆಗೆದ.

ಏಣಿ ಹಳೆಯ ತಂಡದ ನಾಯಕ. ಎತ್ತರದವರ ನಡುವೆಯೂ ಒಂದು ತಲೆ ಎತ್ತರ, ಅದಕ್ಕೇ ಆ ಹೆಸರು. ಊರೂರು ತಿರುಗಿ ಆಡುವಾಗ ಎರಡು ವರ್ಷ ಇಬ್ಬರಿಗೂ ಒಂದೇ ಕೋಣೆ. ಬೆಳಿಗ್ಗೆ ಎದ್ದು ಎಡಗಾಲು ನೆಲಕ್ಕೆ ಊರುವ ಮೊದಲು ಏಣಿ ಮಂಚದ ಅಂಚಿನಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ನೆಂಟ ಹೋಟೆಲಿನ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಐಸು ತಂದುಕೊಡುತ್ತಿದ್ದ. ತಂಡದ ಡಾಕ್ಟರು ಬರುವುದರೊಳಗೆ ಮಾಲೀಸಿನ ತಾತ ಸದ್ದಿಲ್ಲದೆ ಬಂದು ಕಾಲು ನೀವಿ, ಪಟ್ಟಿ ಸುತ್ತಿ ಹೋಗುತ್ತಿದ್ದರು. "ತಾತನ್ನ ಬಿಟ್ರೆ ನಿಂಗೊಬ್ಬನಿಗೇ ಗೊತ್ತು ಕಣೋ," ಎಂದಿದ್ದ ಏಣಿ. "ಕರಾರು ಮುಂದುವರಿಸೋವರೆಗೂ ಉಸಿರೆತ್ತಬೇಡ." ನೆಂಟ ಉಸಿರೆತ್ತಿರಲಿಲ್ಲ, ಹೆಂಡತಿಯ ಮುಂದೆಯೂ.

ಋಣ ಅಷ್ಟೇ ಆಗಿದ್ದರೂ ಆಗುತ್ತಿತ್ತು. ತಂಡ ಕೈಬಿಟ್ಟಾಗ ತಂಡ ಕೊಟ್ಟ ಮನೆಯನ್ನೂ ಖಾಲಿ ಮಾಡಬೇಕಾಯಿತು. "ಮಗು ಪರೀಕ್ಷೆ ಮುಗಿಯೋವರೆಗೂ ಇರ್ಲಿ, ನಮ್ಮ ಮಹಡಿ ಮೇಲೆ ಎರಡು ರೂಮು ಸುಮ್ನೆ ಬಿದ್ದಿವೆ," ಎಂದು ಏಣಿಯೇ ಬಂದು ಸಾಮಾನು ಹೊತ್ತಿದ್ದ. ನೆಂಟನ ಹೆಂಡತಿ ಮತ್ತು ಹತ್ತು ವರ್ಷದ ಮಗಳು ಈಗಲೂ ಆ ಮಹಡಿಯ ಮೇಲೆಯೇ ಇದ್ದರು.

"ಸರಿಯಿಲ್ಲ ಅಂದ್ರೆ ಹೇಗೆ?" ಎಂದು ಕೋಚ್ ಕೇಳಿದರು. ಲೋಟ ಕೆಳಗಿಟ್ಟಿದ್ದರು.

"ಎಡಗಾಲ ಮೇಲೆ ಭಾರ ಹಾಕಿ ತಿರುಗೋಕಾಗಲ್ಲ. ಅದಕ್ಕೇ ಯಾವಾಗ್ಲೂ ಬಲಗಾಲ ಮೇಲೆ ತಿರುಗ್ತಾನೆ, ನೋಡಿ ಬೇಕಾದ್ರೆ. ಒಂದ್ಸಲ ನೆಗೀತಾನೆ, ತಕ್ಷಣ ಇನ್ನೊಂದ್ಸಲ ನೆಗಿ ಅಂದ್ರೆ ಆಗಲ್ಲ."

ಸಹಾಯಕ ಕೋಚ್ ವಿಡಿಯೋ ಓಡಿಸಿದ. ಮೂವರೂ ನೋಡಿದರು. ಹತ್ತು ಸಲಕ್ಕೆ ಹತ್ತು ಸಲವೂ ಏಣಿ ಬಲಗಾಲ ಮೇಲೇ ತಿರುಗಿದ.

"ಅಲೆಲೆ!" ಎಂದರು ಕೋಚ್, ಮಗುವಿನ ಹಾಗೆ ಸಂತೋಷಪಟ್ಟು. "ಬಾ, ಕೂತ್ಕೋ."

ಅರ್ಧ ಗಂಟೆಯ ನಂತರ ಅಂಕಣದಲ್ಲಿ ಹುಡುಗರನ್ನೆಲ್ಲ ನಿಲ್ಲಿಸಿ, "ಇವತ್ತು ಇವನೇ ಏಣಿ," ಎಂದು ನೆಂಟನ ಬೆನ್ನು ತಟ್ಟಿದರು. ಏಣಿಯ ನಡಿಗೆ, ನಿಲುವು, ಭುಜ ಅಲ್ಲಾಡಿಸಿ ಮೋಸಮಾಡುವ ರೀತಿ ನೆಂಟನಿಗೆ ಬಾಯಿಪಾಠ. ಬುಟ್ಟಿಗೆ ಬೆನ್ನು ಕೊಟ್ಟು ಚೆಂಡು ಹಿಡಿದು ನಿಂತ. ಇಬ್ಬರು ಹುಡುಗರು ಅವನ ಬಲಗಡೆ ಮುಚ್ಚಿದರು. ಎಡಗಾಲ ಮೇಲೆ ತಿರುಗಬೇಕಾಯಿತು. ಅಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಆದರೆ ತಿರುಗುವಾಗ ಏಣಿ ಹೇಗೆ ತುಟಿ ಕಚ್ಚುತ್ತಾನೆ, ಹೇಗೆ ಸೊಂಟವನ್ನು ಒಂದು ಕಡೆಗೆ ವಾಲಿಸಿ ನೋವು ಮುಚ್ಚಿಕೊಳ್ಳುತ್ತಾನೆ ಎಂಬುದೂ ಅವನಿಗೆ ಗೊತ್ತಿತ್ತು, ಅದನ್ನೂ ಮಾಡಿ ತೋರಿಸಿದ. ಹುಡುಗರು ಗೊಳ್ಳೆಂದು ನಕ್ಕರು. ಒಬ್ಬ ಶಿಳ್ಳೆ ಹೊಡೆದ. "ಇನ್ನೊಂದ್ಸಲ, ಇನ್ನೊಂದ್ಸಲ!" ಎಂದರು. ನೆಂಟ ಇನ್ನೊಂದು ಸಲ ಮಾಡಿದ, ಮೊದಲಿಗಿಂತ ಸ್ವಲ್ಪ ಜಾಸ್ತಿಯೇ ಕುಂಟಿ.

ಸ್ನಾನದ ಕೋಣೆಯಲ್ಲಿ ತಲೆಯ ಮೇಲೆ ನೀರು ಬಿಟ್ಟುಕೊಂಡು ನಿಂತಾಗ ಮೈಯೆಲ್ಲ ಹೇಸಿಗೆಯಾಯಿತು. ಸೋಪು ಎರಡು ಸಲ ಹಚ್ಚಿದ. ಹದಿಮೂರು ವರ್ಷದಲ್ಲಿ ಯಾವ ತಂಡದಲ್ಲೂ ಎರಡನೇ ದಿನಕ್ಕೇ ಅವನಿಗೆ ಇಷ್ಟು ಆದರ ಸಿಕ್ಕಿರಲಿಲ್ಲ. ಅದು ಹಿತವೆನಿಸಿತ್ತಲ್ಲ, ಅದನ್ನು ನೆನೆದೇ ಹೇಸಿಗೆ.

ಸಂಜೆ ಹೆಂಡತಿ ಫೋನ್ ಮಾಡಿದಳು.

"ಹೇಗಿದ್ದಾರ್ರೀ ಜನ?"

"ಒಳ್ಳೆಯವರು. ಚೆನ್ನಾಗಿ ನೋಡ್ಕೋತಿದ್ದಾರೆ."

"ನೋಡಿದ್ರಾ, ನಾನು ಹೇಳ್ಲಿಲ್ವಾ? ಇವತ್ತು ನಂಗೆ ಕೆಲಸ ಮುಗಿಯೋದು ತಡ ಆಯ್ತು, ಅಣ್ಣಾನೇ ಮಗೂನ ಸ್ಕೂಲಿಂದ ಕರ್ಕೊಂಡು ಬಂದ್ರು." ಏಣಿಯನ್ನು ಅವಳು ಅಣ್ಣ ಎನ್ನುತ್ತಿದ್ದಳು. "ಯಾಕೋ ಮೆಟ್ಟಿಲು ಒಂದೊಂದೇ ಹತ್ತುತಾ ಇದ್ರು. ಕಾಲು ನೋವಾ ಅಂದ್ರೆ, ನಿಮ್ಮ ಮಗಳ ಬ್ಯಾಗು ಭಾರ ಅಂತ ನಗ್ತಾರೆ. ಇಲ್ಲೇ ಇದ್ದಾರೆ, ಕೊಡ್ಲಾ?"

ಒಂದು ಮಾತು ಸಾಕಿತ್ತು. ಭಾನುವಾರ ಬಲಗಡೆ ಮುಚ್ಚುತ್ತಾರೆ, ಹುಷಾರು, ಬೇಕಾದರೆ ಆಡಬೇಡ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಗೆ ಹೇಗೆ ಗೊತ್ತಾಯಿತು ಎಂದು ಏಣಿ ಕೇಳುತ್ತಾನಲ್ಲ.

"ಬೇಡ," ಎಂದ. "ಮೀಟಿಂಗ್ ಇದೆ. ಆಮೇಲೆ ಮಾಡ್ತೀನಿ."

ಆಮೇಲೆ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ.

ಭಾನುವಾರ ಮಧ್ಯಾಹ್ನ ಹಳೆಯ ಕ್ರೀಡಾಂಗಣದಲ್ಲಿ ಅವನು ಎದುರಾಳಿಗಳ ಬಾಗಿಲಿನಿಂದ ಒಳಗೆ ಬಂದ. ಏಣಿ ಅಂಕಣದ ಆ ತುದಿಯಿಂದ ಈ ತುದಿಗೆ ನಡೆದುಬಂದು, ಎಲ್ಲರೆದುರಿಗೆ ಅವನನ್ನು ಅಪ್ಪಿಕೊಂಡು ಮೇಲೆತ್ತಿದ. "ಏನೋ, ಫೋನೂ ಇಲ್ಲ ಗೀನೂ ಇಲ್ಲ! ದೊಡ್ಡ ಮನುಷ್ಯ ಆಗ್ಬಿಟ್ಯಾ? ಗೆದ್ರೂ ಸೋತ್ರೂ ಊಟ ನಮ್ಮನೇಲೇ." ನೆಂಟ ಹಲ್ಲು ಕಿರಿದ. ಏಣಿಯ ಭುಜದ ಆಚೆ, ನಾಲ್ಕನೇ ಸಾಲಿನಲ್ಲಿ, ಮಗಳು ಎರಡೂ ಕೈ ಎತ್ತಿ ಬೀಸುತ್ತಿದ್ದಳು. ಇಬ್ಬರಲ್ಲಿ ಯಾರಿಗೆ ಬೀಸುತ್ತಿದ್ದಾಳೋ ತಿಳಿಯಲಿಲ್ಲ.

ಪಂದ್ಯ ಶುರುವಾದ ಮೇಲೆ ಅವನು ಬೆಂಚಿನ ಕೊನೆಯಲ್ಲಿ ಕೂತು ನೋಡಿದ. ಹುಡುಗರು ಕಲಿತದ್ದನ್ನು ಮರೆತಿರಲಿಲ್ಲ. ಏಣಿ ಚೆಂಡು ಹಿಡಿದಾಗಲೆಲ್ಲ ಬಲಗಡೆ ಇಬ್ಬರು. ಮೊದಲು ಏಣಿಗೆ ಅರ್ಥವಾಗಲಿಲ್ಲ; ಚೆಂಡನ್ನು ವಾಪಸು ಎಸೆದ. ಆಮೇಲೆ ಎರಡು ಸಲ ಎಡಗಾಲ ಮೇಲೆಯೇ ತಿರುಗಿದ, ತುಟಿ ಕಚ್ಚಿಕೊಂಡು. ಬೆಂಚಿನಲ್ಲಿ ಪಕ್ಕದವನು ನೆಂಟನ ತೊಡೆ ತಿವಿದು, "ಥೇಟ್ ನೀವು ಮಾಡಿದ ಹಾಗೇ!" ಎಂದ.

ಮೂರನೆಯ ಭಾಗದ ನಡುವೆ ಅದು ಆಯಿತು. ಏಣಿ ಒಂದು ಹೊಡೆತವನ್ನು ತಡೆಯಲು ನೆಗೆದ. ಚೆಂಡು ಮತ್ತೆ ಹೊಡೆದವನ ಕೈಗೇ ಸಿಕ್ಕಿತು. ಏಣಿ ತಕ್ಷಣ ಎರಡನೇ ಸಲ ನೆಗೆದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಇಳಿದವನು ಇಳಿದ ಹಾಗೆಯೇ ಕುಸಿದು, ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಷ್ಟು ಜನರಿದ್ದ ಕ್ರೀಡಾಂಗಣದಲ್ಲಿ ಅವನ ಕೂಗು ಬಾಗಿಲವರೆಗೂ ಕೇಳಿಸಿತು. ಕೋಚ್ ತಲೆ ತಗ್ಗಿಸಿ ನಿಂತರು. ಅವರು ಕೆಟ್ಟ ಮನುಷ್ಯರಲ್ಲ. ಆದರೂ ಒಂದು ಕ್ಷಣ ಬೆಂಚಿನ ಕೊನೆಗೆ ತಿರುಗಿ ನೆಂಟನನ್ನು ನೋಡಿದರು.

ಗೆಲುವು ಖಚಿತವಾದ ಮೇಲೆ, ಕೊನೆಯ ಎರಡು ನಿಮಿಷಕ್ಕೆ, ಅವನನ್ನು ಅಂಕಣಕ್ಕಿಳಿಸಿದರು. ಹಳೆಯ ಊರಿನ ಜನ ಸೋಲುತ್ತಿದ್ದರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಬದುಕಿನಲ್ಲಿ ಅವನಿಗಾಗಿ ಯಾರೂ ಎದ್ದು ನಿಂತಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಪಂದ್ಯ ಮುಗಿದ ಮೇಲೆ ನೇರ ಬಸ್ಸಿಗೆ ಹೋಗಿ ಕೂರುವವನಿದ್ದ. ಮಗಳು ಹಜಾರದಲ್ಲೇ ಓಡಿಬಂದು ಕೈ ಹಿಡಿದುಕೊಂಡಳು. ಅತ್ತು ಮೂಗು ಕೆಂಪಾಗಿತ್ತು.

"ಅಪ್ಪಾ, ಮಾಮಂಗೆ ಏನಾಯ್ತು ನೋಡ್ಕೊಂಡು ಬಾ. ನನ್ನನ್ನ ಒಳಗೆ ಬಿಡ್ತಾ ಇಲ್ಲ."

ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿ, ಶುಶ್ರೂಷೆಯ ಕೋಣೆಗೆ ಹೋದ. ಏಣಿ ಎತ್ತರದ ಮೇಜಿನ ಮೇಲೆ ಒರಗಿದ್ದ. ಕಾಲುಗಳು ಮೇಜಿನಿಂದಾಚೆ ಚಾಚಿಕೊಂಡಿದ್ದವು. ಎಡ ಮೊಣಕಾಲು ಊದಿ ಆಕಾರವೇ ಕೆಟ್ಟಿತ್ತು. ಮೂಲೆಯ ಸ್ಟೂಲಿನಲ್ಲಿ ಮಾಲೀಸಿನ ತಾತ ಐಸು ಕುಟ್ಟಿ ಚೀಲಕ್ಕೆ ತುಂಬುತ್ತಿದ್ದರು.

"ಬಾರೋ," ಎಂದ ಏಣಿ. ಮುಖ ಬಿಳಚಿಕೊಂಡಿತ್ತು. "ಮುಗೀತು ಕಣೋ ನನ್ನ ಆಟ. ಡಾಕ್ಟರ್ ಬಾಯಿಬಿಟ್ಟು ಹೇಳ್ಲಿಲ್ಲ, ಅಷ್ಟೇ. ನೋಡಿದ್ಯಲ್ಲ? ಮೊದಲ ನಿಮಿಷದಿಂದ ಎಡಗಾಲಿಗೇ ಬಂದ್ರು. ಗೊತ್ತಿತ್ತು ಅವರಿಗೆ."

ನೆಂಟ ಬಾಗಿಲ ಹತ್ತಿರವೇ ನಿಂತುಕೊಂಡ.

"ಈ ಕಾಲಿನ ವಿಷಯ ಗೊತ್ತಿದ್ದೋರು ಇಬ್ರು. ನೀನು, ಈ ತಾತ. ನೀನಂತೂ ಹೇಳೋನಲ್ಲ. ನಮ್ಮವಳಿಗೂ ನಾನು ಹೇಳಿಲ್ಲ." ಏಣಿ ತಾತನ ಕಡೆ ನೋಡದೆಯೇ ಮಾತಾಡಿದ. "ಎಷ್ಟು ವರ್ಷ ನಂಬಿದ್ದೆ ಇವರನ್ನ. ಯಾರ ಮುಂದೆ ಬಾಯಿಬಿಟ್ರೋ, ಯಾಕೆ ಬಾಯಿಬಿಟ್ರೋ. ಮ್ಯಾನೇಜರ್ ಬರ್ತಿದ್ದಾರೆ. ಇವತ್ತೇ ಇವರನ್ನ ಕಳಿಸಿ ಅಂತೀನಿ."

"ನಾನು ಹೇಳಿಲ್ಲಪ್ಪ," ಎಂದರು ತಾತ. ಎಷ್ಟನೆಯ ಸಲವೋ, ದನಿಯಲ್ಲಿ ಜೀವವಿರಲಿಲ್ಲ. ಮೂವತ್ತು ವರ್ಷ ಇದೇ ಕೋಣೆಯಲ್ಲಿ ಕಾಲು ನೀವಿದ ಮನುಷ್ಯ. ಐಸು ಕುಟ್ಟುವುದನ್ನು ನಿಲ್ಲಿಸಿ ಅವರು ಮೆಲ್ಲಗೆ ತಲೆಯೆತ್ತಿ ನೆಂಟನನ್ನು ನೋಡಿದರು. ಇಬ್ಬರಲ್ಲಿ ತಾನಲ್ಲ ಎಂದು ತಿಳಿದವರಿಗೆ ಉಳಿದವನು ಯಾರೆಂದು ಯಾರೂ ಹೇಳಬೇಕಿಲ್ಲ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನೆಂಟ ತಡೆದುಕೊಳ್ಳುತ್ತಿದ್ದ. ತಾತ ಸುಮ್ಮನೆ ಕಾಯುತ್ತಿದ್ದರು.

ಹಜಾರದಲ್ಲಿ ಬೂಟಿನ ಸದ್ದು ಹತ್ತಿರವಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು, ಮಹಡಿಯ ಮೇಲಿನ ಎರಡು ಕೋಣೆ ಉಳಿಯುತ್ತವೆ, ಮಗಳ ಪರೀಕ್ಷೆ ಮುಗಿಯುತ್ತದೆ, ಏಣಿ ಉಳಿಯುತ್ತಾನೆ. ನೆಂಟನಿಗೆ ಇದೆಲ್ಲ ಒಟ್ಟಿಗೆ ಹೊಳೆಯಿತು. ಹೊಳೆದದ್ದಕ್ಕೂ ನಾಚಿಕೆಯಾಯಿತು.

"ತಾತ ಅಲ್ಲ," ಎಂದ.

"ನಿಂಗೆ ಹೇಗೆ..." ಎಂದು ಶುರುಮಾಡಿದ ಏಣಿ ಅಲ್ಲೇ ನಿಲ್ಲಿಸಿದ. ನೆಂಟನ ಮುಖ ನೋಡಿದ. ಬಹಳ ಹೊತ್ತೇನೂ ನೋಡಲಿಲ್ಲ. ಆಮೇಲೆ ಪಕ್ಕದಲ್ಲಿದ್ದ ಟವೆಲನ್ನು ಎಳೆದುಕೊಂಡು, ಹೊರಗಿನವರು ಒಳಗೆ ಬಂದಾಗ ಮಾಡುವಂತೆ, ಊದಿದ ಮೊಣಕಾಲಿನ ಮೇಲೆ ಹೊದೆಸಿ ಅಂಚು ಸರಿಮಾಡಿದ.

ಬಾಗಿಲು ಸ್ವಲ್ಪ ತೆರೆದುಕೊಂಡಿತು; ಇಣುಕಿದ್ದು ಮ್ಯಾನೇಜರ್ ಅಲ್ಲ, ಮಗಳು. "ಅಪ್ಪಾ, ನಾನೂ ಬರ್ಲಾ?"

"ಬಾ ಪುಟ್ಟಿ," ಎಂದ ಏಣಿ, ಎಂದಿನ ದನಿಯಲ್ಲೇ. "ನೀನು ಬಾ."

ಬಾಗಿಲಿಗೂ ಮೇಜಿಗೂ ನಡುವೆ ಜಾಗ ಕಿರಿದಾಗಿತ್ತು. ಮಗಳಿಗೆ ದಾರಿ ಬಿಡಲು ನೆಂಟ ಗೋಡೆಗೆ ಒತ್ತಿಕೊಂಡು ನಿಂತ.